ಭುಜದ ಹುರಿ ಹರಿದರೆ ಆಪರೇಷನ್ ಮಾಡಿಸಲೇಬೇಕೇ?



ಕಾವಲಿ ಮುಂದೆ ನಿಲ್ಲುವವರಿಗೂ ಹಿಟ್ಟಿನ ಪಾತ್ರೆ ಎತ್ತುವವರಿಗೂ ಭುಜನೋವು ಹೊಸದಲ್ಲ. ನಾವು ಆಂಧ್ರದ ಅಚ್ಯುತಾಪುರಂನಲ್ಲಿ ಹೋಟೆಲ್ ನಡೆಸುತ್ತಿದ್ದೇವೆ. ಇಲ್ಲಿ ಕಾರ್ಖಾನೆಗಳ ಶಿಫ್ಟ್ ಬಿಡುವ ಹೊತ್ತಿಗೆ ತಿಂಡಿ ಸಿದ್ಧವಿರಲೇಬೇಕು. ಆರು ವಾರವಾದರೂ ಬಲಭುಜದ ನೋವು ಇಳಿಯದಿದ್ದಾಗ ವಿಶಾಖಪಟ್ಟಣದಲ್ಲಿ ಎಂ.ಆರ್.ಐ. ಮಾಡಿಸಿದೆವು. ಟೆಂಡನ್ ಸ್ವಲ್ಪ ಹರಿದಿದೆ ಎಂದು ರಿಪೋರ್ಟ್ ಬಂತು. ನಮ್ಮವರು ಇದನ್ನು "ನರ ಹರಿಯಿತು" ಎನ್ನುತ್ತಾರೆ. ಅದು ನರವಲ್ಲ, ಮಾಂಸಖಂಡವನ್ನು ಮೂಳೆಗೆ ಕಟ್ಟಿರುವ ಹುರಿ.

ಒಬ್ಬ ಡಾಕ್ಟರು ಆಪರೇಷನ್ ಎಂದರು, ಇನ್ನೊಬ್ಬರು ಮೂರು ತಿಂಗಳು ವ್ಯಾಯಾಮ ಎಂದರು. ಮನೆಯಲ್ಲಿ ಮಗ ಕೆ.ಎಲ್. ರಾಹುಲ್ ಉದಾಹರಣೆ ಕೊಟ್ಟ. ಮಂಗಳೂರಿನಲ್ಲಿ ಬೆಳೆದ ರಾಹುಲ್ 2023ರ ಮೇ 1ರಂದು ಲಕ್ನೋದಲ್ಲಿ ಫೀಲ್ಡಿಂಗ್ ಮಾಡುವಾಗ ತೊಡೆಯ ಟೆಂಡನ್ ಹರಿದುಕೊಂಡರು. ಅದೇ ತಿಂಗಳು ಆಪರೇಷನ್ ಆಯಿತು, ಸೆಪ್ಟೆಂಬರ್‌ನಲ್ಲಿ ಕೊಲಂಬೋದಲ್ಲಿ ಪಾಕಿಸ್ತಾನದ ವಿರುದ್ಧ ಔಟಾಗದೆ 111 ಹೊಡೆದರು. ಸರಿ, ಆದರೆ ಅವರಿಗೆ ಆಗ 31 ವರ್ಷ, ಹರಿದದ್ದು ಒಂದೇ ಏಟಿಗೆ. ನಮ್ಮದು ಐವತ್ತು ದಾಟಿದ ಭುಜ, ಸವೆದು ಹರಿದದ್ದು.

ಈ ವ್ಯತ್ಯಾಸವೇ ಮುಖ್ಯ. ಪೆಟ್ಟಿಲ್ಲದೆ ಭುಜದ ಹುರಿ ಪೂರ್ತಿ ದಪ್ಪಕ್ಕೆ ಹರಿದಿದ್ದ 452 ಜನರಿಗೆ ಅಮೆರಿಕದಲ್ಲಿ ವ್ಯಾಯಾಮ ಮಾಡಿಸಿ ನೋಡಿದ ವರದಿ 2013ರಲ್ಲಿ ಬಂದಿದೆ. ಎರಡು ವರ್ಷದಲ್ಲಿ ಆಪರೇಷನ್‌ಗೆ ಹೋದವರು ಕಾಲು ಭಾಗಕ್ಕಿಂತ ಕಡಿಮೆ. ವ್ಯಾಯಾಮದಿಂದ ಹುರಿ ಕೂಡಿಕೊಳ್ಳುವುದಿಲ್ಲ, ಸುತ್ತಲಿನ ಮಾಂಸಖಂಡಗಳು ಅದರ ಕೆಲಸವನ್ನು ಹೊತ್ತುಕೊಳ್ಳುತ್ತವೆ. ಆದರೆ ಅಡುಗೆಮನೆಯ ಒದ್ದೆ ನೆಲದಲ್ಲಿ ಜಾರಿಬಿದ್ದು ಕೈ ಎತ್ತಲಾಗದವರು ಹೀಗೆ ಕಾಯಬಾರದು. ಪೂರ್ತಿ ಹರಿದ ಹುರಿ ಹಿಂದಕ್ಕೆ ಸರಿದು, ಮಾಂಸಖಂಡ ಸೊರಗಿದರೆ ಮತ್ತೆ ಹೊಲಿಯುವುದು ಕಷ್ಟ.

ಆಪರೇಷನ್ ಆದರೆ ನಾಲ್ಕರಿಂದ ಆರು ವಾರ ಕೈ ಜೋಳಿಗೆಯಲ್ಲಿ, ಭಾರದ ಕೆಲಸಕ್ಕೆ ಸುಮಾರು ಆರು ತಿಂಗಳು. ಸಕ್ಕರೆ ಕಾಯಿಲೆ, ಬೀಡಿ ಸಿಗರೇಟು ಇದ್ದವರಿಗೆ ಮಾಗುವುದು ಇನ್ನೂ ನಿಧಾನ. ಖರ್ಚಿಗಿಂತ ನಮ್ಮಂಥವರಿಗೆ ಈ ಆರು ತಿಂಗಳದ್ದೇ ಚಿಂತೆ. (ನೌಕರರಿಗೆ ಹೀಗಾದರೆ, ಇ.ಎಸ್.ಐ. ಇದ್ದಲ್ಲಿ ಕಾಯಿಲೆ ರಜೆಗೆ ವರ್ಷಕ್ಕೆ 91 ದಿನದವರೆಗೆ ಸಂಬಳದ ಶೇ. 70 ಸಿಗುತ್ತದೆ. ಮಾಲೀಕರಿಗೆ ಯಾರು ಕೊಡುತ್ತಾರೆ?)

ನಾವು ವ್ಯಾಯಾಮಕ್ಕೇ ಒಪ್ಪಿದೆವು. ಹಿಟ್ಟನ್ನು ಸಣ್ಣ ಪಾತ್ರೆಗಳಿಗೆ ಹಂಚಿ, ಅಟ್ಟದ ಮೇಲಿದ್ದ ಸಾಮಾನುಗಳನ್ನು ಸೊಂಟದ ಎತ್ತರಕ್ಕೆ ಇಳಿಸಿದೆವು. ಮೂರು ತಿಂಗಳಾಗಿದೆ, ಕೈ ತಲೆಯ ಮೇಲೆ ಹೋಗುತ್ತಿದೆ. ಆ ಮಗ್ಗುಲಿಗೆ ಮಲಗಲು ಇನ್ನೂ ಆಗುವುದಿಲ್ಲ. ಡಾಕ್ಟರು ಮತ್ತೊಮ್ಮೆ ಸ್ಕ್ಯಾನ್ ಹೇಳಿದ್ದಾರೆ. ಹರಿದದ್ದು ದೊಡ್ಡದಾಗಿದ್ದರೆ ಆಪರೇಷನ್ ಎಂದು ಮನೆಯಲ್ಲಿ ಮಾತಾಗಿದೆ. ಆಗ ಗಲ್ಲಾ ಮಗನಿಗೆ, ಅಡುಗೆಮನೆ ಭಟ್ಟರಿಗೆ.