ಮರ ಕೊರೆಯುವ ಯಂತ್ರಕ್ಕೆ ಎಂತಹ ಕಂಪ್ಯೂಟರು?

ತಲಕಾಡಿನ ಕೀರ್ತಿನಾರಾಯಣ ದೇವಾಲಯವನ್ನು ಹೊಯ್ಸಳ ವಿಷ್ಣುವರ್ಧನನು 1117ರಲ್ಲಿ ಸ್ಥಾಪಿಸಿದನು. ಅಂದಿನ ಶಿಲ್ಪಿಗೆ ಉಳಿ, ಸುತ್ತಿಗೆಗಳೇ ಮುಖ್ಯ ಸಾಧನಗಳು. ಇಂದಾದರೋ ಬಾಗಿಲು, ದೇವರ ಮಂಟಪಗಳ ಮೇಲಣ ಹೂಬಳ್ಳಿಯನ್ನು ಸಿ.ಎನ್.ಸಿ. ರೂಟರೆಂಬ ಯಂತ್ರವು ಕೊರೆದುಕೊಡುವುದು. ಈ ಉದ್ಯೋಗಕ್ಕೆ ಹೊಸದಾಗಿ ಕೈಹಾಕುವ ತರುಣರುಳ್ಳ ಮನೆಗಳಲ್ಲಿ, ಯಂತ್ರವನ್ನು ನಡೆಸಲು ಎಷ್ಟು ಬೆಲೆಯ ಕಂಪ್ಯೂಟರು ಬೇಕೆಂಬ ಪ್ರಶ್ನೆಯು ಏಳುವುದು ಸಹಜ. ಕೂಡಿಟ್ಟ ಹಣವು ವ್ಯರ್ಥವಾಗದಂತೆ ಇದನ್ನು ವಿಚಾರಿಸುವುದು ಅವಶ್ಯವೆಂದು ನಾವು ಭಾವಿಸುತ್ತೇವೆ.

ಇಂತಹ ಚಿಕ್ಕ ಯಂತ್ರಗಳ ಮೋಟಾರುಗಳು ವಿದ್ಯುತ್ತಿನ ಮಿಡಿತಗಳ ಲೆಕ್ಕಕ್ಕೆ ಸರಿಯಾಗಿ ಹೆಜ್ಜೆಯಿಡುವುವು. ಆ ಮಿಡಿತಗಳು ಎಲ್ಲಿ ಹುಟ್ಟುವುವೆಂಬುದೇ ಈ ವಿಚಾರದ ತಿರುಳು. ಆರಂಭದ ಯಂತ್ರಗಳಲ್ಲಿ ಅನೇಕವು ಜಿ.ಆರ್.ಬಿ.ಎಲ್. ಎಂಬ ಉಚಿತ ತಂತ್ರಾಂಶವನ್ನು ತುಂಬಿದ ಆರ್ಡುಯಿನೊ ಬೋರ್ಡಿನಿಂದ ನಡೆಯುವುವು. ಊನೊ ಎಂಬ ಬೋರ್ಡಿನ ವೇಗವು 16 ಮೆಗಾಹರ್ಟ್ಸ್, ತಂತ್ರಾಂಶಕ್ಕಿರುವ ಸ್ಥಳವು 32 ಕಿಲೋಬೈಟು ಮಾತ್ರ. ಆದರೂ ಮಿಡಿತಗಳನ್ನೆಲ್ಲ ಅದೇ ಹುಟ್ಟಿಸುವುದು. ಕಂಪ್ಯೂಟರು ಜಿ-ಕೋಡೆಂಬ ಆಜ್ಞೆಗಳನ್ನು ಯು.ಎಸ್.ಬಿ. ತಂತಿಯ ಮೂಲಕ ಸಾಲುಸಾಲಾಗಿ ಕಳುಹಿಸಿದರೆ ಸಾಕು. ಮನೆಯಲ್ಲಿ ಮೂಲೆಗೆ ಬಿದ್ದಿರುವ ಹಳೆಯ ಲ್ಯಾಪ್‌ಟಾಪೇ ಇದಕ್ಕೆ ಧಾರಾಳವಾಯಿತು.

ಪ್ಯಾರಲಲ್ ಪೋರ್ಟಿಗೆ ಕೂಡಿಸುವ ಹಳೆಯ ಪದ್ಧತಿಯ ಸಂಗತಿಯೇ ಬೇರೆ. ಅಲ್ಲಿ ಮಿಡಿತಗಳನ್ನು ಕಂಪ್ಯೂಟರೇ ಹುಟ್ಟಿಸಬೇಕು; ಕ್ಷಣಮಾತ್ರ ತಡವರಿಸಿದರೂ ಕೊರೆತವು ಕೆಡುವುದು. ಮಾಕ್-3 ತಂತ್ರಾಂಶವು ಈ ಪೋರ್ಟನ್ನು ನಡೆಸಬೇಕಾದರೆ 32 ಬಿಟ್‌ನ ಹಳೆಯ ವಿಂಡೋಸ್ ಬೇಕು. ಲಿನಕ್ಸ್-ಸಿ.ಎನ್.ಸಿ. ಉಚಿತವಾದರೂ, ಕಂಪ್ಯೂಟರಿನ ವಿಳಂಬವನ್ನು ಅದರಲ್ಲಿಯೇ ಇರುವ ಪರೀಕ್ಷೆಯಿಂದ ಮೊದಲು ಅಳೆಯತಕ್ಕದ್ದು. ಇವೆರಡಕ್ಕೂ ಲ್ಯಾಪ್‌ಟಾಪಿಗಿಂತ ಮೇಜಿನ ಕಂಪ್ಯೂಟರೇ ಲೇಸು.

ಶಕ್ತಿಯುಳ್ಳ ಕಂಪ್ಯೂಟರು ಬೇಕಾಗುವುದು ಚಿತ್ರ ರಚಿಸುವವನಿಗೆ. ಉಬ್ಬುಚಿತ್ರಗಳನ್ನು ರಚಿಸಲು ಹೆಚ್ಚು ಮೆಮೊರಿಯಿರಬೇಕು. ಆ ಕೆಲಸವನ್ನು ಮನೆಯೊಳಗೆ ಮುಗಿಸಿ, ಫೈಲನ್ನು ಪೆನ್‌ಡ್ರೈವಿನಲ್ಲಿ ಕೊಟ್ಟಿಗೆಗೆ ಒಯ್ಯಬಹುದು. ಮರದ ಹೊಟ್ಟು, ತಲಕಾಡಿನ ನುಣ್ಣನೆಯ ಮರಳು, ಇವೆರಡರಿಂದಲೂ ಬೆಲೆಯುಳ್ಳ ಕಂಪ್ಯೂಟರು ಆಗ ಪಾರಾಗುವುದು.

ಕೆಲಸದ ಮಧ್ಯದಲ್ಲಿ ಕಂಪ್ಯೂಟರು ನಿದ್ರೆಹೋಗದಂತೆಯೂ, ತಾನಾಗಿಯೇ ನವೀಕರಣಕ್ಕೆ ತೊಡಗದಂತೆಯೂ ಏರ್ಪಡಿಸಬೇಕು. ಯು.ಎಸ್.ಬಿ. ತಂತಿಯು ಗಿಡ್ಡಾಗಿರಲಿ. ಕರೆಂಟು ಹೋದಾಗ ಲ್ಯಾಪ್‌ಟಾಪು ಬ್ಯಾಟರಿಯಿಂದ ಬದುಕಿದ್ದರೂ ಯಂತ್ರವು ನಿಂತು, ತಾನಿದ್ದ ಸ್ಥಾನದ ಲೆಕ್ಕವನ್ನು ಕಳೆದುಕೊಳ್ಳುವುದು. ಮುಕ್ಕಾಲು ಕೊರೆದ ತೇಗದ ಹಲಗೆಯು ಸೌದೆಯಾಗಬಹುದು. ಅಪಾಯದಲ್ಲಿ ಯಂತ್ರದ ವಿದ್ಯುತ್ತನ್ನೇ ಕಡಿಯುವ ಗುಂಡಿಯು ಕೈಗೆಟುಕುವಂತಿರಬೇಕು. ಕಂಪ್ಯೂಟರಿನ ಪರದೆಯ ಮೇಲಣ ಗುಂಡಿಯನ್ನು ನಂಬಿ ಬೆರಳನ್ನು ಒಡ್ಡಬಾರದು.

ಆದುದರಿಂದ ಮೊದಲು ಯಂತ್ರದ ಬೋರ್ಡು ಯಾವುದೆಂದು ತಿಳಿದು, ಅನಂತರ ಕಂಪ್ಯೂಟರಿನ ಮಾತೆತ್ತುವುದು ಜಾಣತನ. ಉಳಿದ ಹಣದಿಂದ ಒಳ್ಳೆಯ ಬಿಟ್ಟುಗಳನ್ನೂ ಅಭ್ಯಾಸಕ್ಕೆ ನಾಲ್ಕು ಹಲಗೆಗಳನ್ನೂ ಕೊಂಡರೆ, ಕಲಿಯುವವನ ಕೈ ಬೇಗನೆ ಪಳಗುವುದು.