ಮೇಗುತಿಯ ಬೆನ್ನಿಗಿರುವ ಮೋರೇರ ಮನೆಗಳು

ಐಹೊಳೆಯ ಮೇಗುತಿ ಗುಡ್ಡ ಹತ್ತಿದವರು ಜಿನಾಲಯದ ಗೋಡೆಯಲ್ಲಿರುವ ರವಿಕೀರ್ತಿಯ ಶಾಸನ ನೋಡಿ, ಕೆಳಗಿನ ಗುಡಿಗಳನ್ನು ಕಣ್ತುಂಬಿಕೊಂಡು ಇಳಿದುಬಿಡುತ್ತಾರೆ. ಇಮ್ಮಡಿ ಪುಲಿಕೇಶಿಯನ್ನು ಕೊಂಡಾಡುವ, ಕ್ರಿ.ಶ. 634ರ ಆ ಶಾಸನ ಅಷ್ಟು ದೊಡ್ಡದೇ ಹೌದು. ಆದರೆ ಗುಡಿಯ ಹಿಂದೆ, ಅದೇ ಬಂಡೆಯ ಹಾಸಿನ ಮೇಲೆ, ಕಬ್ಬಿಣ ಯುಗದ 40ಕ್ಕೂ ಹೆಚ್ಚು ಬೃಹತ್ ಶಿಲಾ ಸಮಾಧಿಗಳಿವೆ. ನಮ್ಮ ಕಡೆ ಇಂಥವಕ್ಕೆ ಮೋರೇರ ಮನೆ ಎನ್ನುವುದು ರೂಢಿ. ಐಹೊಳೆಯ ಕಲ್ಲಿನ ಕಥೆ ಶುರುವಾಗುವುದು ಚಾಲುಕ್ಯರಿಂದಲ್ಲ, ಈ ಗೋರಿಗಳಿಂದ. ಅವನ್ನು ಗುಡಿಗಳ ಜತೆಗೇ ಓದಬೇಕು, ಜತೆಗೇ ಕಾಯಬೇಕು.

ಮಲಪ್ರಭೆಯ ಈ ಕಣಿವೆಯ ಮರಳುಗಲ್ಲು ಪದರು ಪದರಾಗಿ ಕೂತದ್ದು. ಪದರಿನ ಜಾಡು ಹಿಡಿದು ಮೀಟಿದರೆ ಚಪ್ಪಡಿ ಅಗಲವಾಗಿ ಎದ್ದು ಬರುತ್ತದೆ. ಮೂರು ಕಡೆ ಚಪ್ಪಡಿ ನಿಲ್ಲಿಸಿ, ಮೇಲೊಂದು ಭಾರಿ ಹಾಸುಗಲ್ಲು ಹೇರಿದರೆ ಕೋಣೆಯಾಯಿತು. ಕಷ್ಟವಿರುವುದು ಮುಂದಿನ ಚಪ್ಪಡಿಯಲ್ಲಿ. ಅದರಲ್ಲೊಂದು ದುಂಡನೆಯ ಕಂಡಿಯಿದೆ. ಬಿರುಕಾಗಲಿ, ಮಳೆ ಕೊರೆದ ತೂತಾಗಲಿ ಇಷ್ಟು ದುಂಡಗಾಗುವುದಿಲ್ಲ. ಚಪ್ಪಡಿ ಸೀಳದಂತೆ ಎಚ್ಚರದಿಂದ ಕೆತ್ತಿದ ಕೈ ಅಲ್ಲಿ ಕಾಣುತ್ತದೆ. ಗೋಕಾಕ ತಾಲ್ಲೂಕಿನ ಕೊಣ್ಣೂರಿನಲ್ಲಿ ಇದು ಇನ್ನೂ ಮುಂದಕ್ಕೆ ಹೋಗಿದೆ: ಕೋಣೆಯ ಬಾಗಿಲಿಗೆ ಎರಡೂ ಬದಿ ಕಲ್ಲು ನಿಲ್ಲಿಸಿ ಓಣಿಯನ್ನೇ ಕಟ್ಟಿದ್ದಾರೆ. ಉತ್ತರ ಕರ್ನಾಟಕದ ಈ ಗೋರಿಗಳನ್ನು ಊರೂರು ಸುತ್ತಿ ವಿಂಗಡಿಸಿ, 1975ರಲ್ಲಿ ಗ್ರಂಥವಾಗಿಸಿದವರು ಪುರಾತತ್ತ್ವಜ್ಞ ಅ. ಸುಂದರ.

ಗೋರಿಗೂ ಗುಡಿಗೂ ನಡುವೆ ಶತಮಾನಗಳ ಅಂತರವಿದೆಯಲ್ಲ ಎಂದು ಕೇಳಬಹುದು. ಇದೆ. ಗೋರಿಯೇ ಬೆಳೆದು ಗುಡಿಯಾಯಿತು ಎಂದು ನಾನೂ ಹೇಳುತ್ತಿಲ್ಲ. ಆದರೆ ಐಹೊಳೆಯ ಲಾಡಖಾನ್ ಗುಡಿಯ ಮಾಡು ನೋಡಿ, ಅಲ್ಲೂ ಅಗಲ ಚಪ್ಪಡಿಗಳನ್ನೇ ಹೊದಿಸಿದ್ದಾರೆ. ಕಲ್ಲಿನ ಸ್ವಭಾವ ಒಂದೇ, ಅದನ್ನು ಅರಿತು ದುಡಿದವರಲ್ಲಿ ಗೋರಿ ಕಟ್ಟಿದವರು ಮೊದಲಿಗರು. ಸತ್ತವರಿಗಾಗಿ ಆರಿಸಿದ ಎತ್ತರವನ್ನೇ ಮುಂದೆ ಜಿನನಿಗೂ ಆರಿಸಿದ್ದು ಆಕಸ್ಮಿಕ ಎಂದು ತಳ್ಳಿಹಾಕುವುದು ನನಗಂತೂ ಕಷ್ಟ. ಇನ್ನು, ಐರ್ಲೆಂಡಿನ ನ್ಯೂಗ್ರೇಂಜಿನಲ್ಲೂ ಓಣಿಯುಳ್ಳ ಗೋರಿ ಇದೆ, ಇವೆರಡಕ್ಕೂ ನಂಟಿರಬೇಕು ಎಂಬ ಮಾತು. 19ನೇ ಶತಮಾನದಲ್ಲಿ ಸುರಪುರ ಸೀಮೆಯ ಗೋರಿಗಳನ್ನು ಕಂಡ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್‌ಗೂ ಯುರೋಪಿನವೇ ನೆನಪಾದವು. ನ್ಯೂಗ್ರೇಂಜ್ ಕ್ರಿ.ಪೂ. 3200ರ ಸುಮಾರಿನದು, ನಮ್ಮವು ಬಹಳ ಈಚಿನವು. ಅಲ್ಲಿಂದ ಯಾರೂ ಬಂದು ಕಲಿಸಬೇಕಾಗಿರಲಿಲ್ಲ, ಈ ಬಂಡೆಯೇ ಸಾಕಾಗಿತ್ತು.

ಮೇಗುತಿಯ ಕೆಲವು ಗೋರಿ ಇಂದಿಗೂ ಗಟ್ಟಿಯಾಗಿ ನಿಂತಿವೆ. ಹಲವಕ್ಕೆ ಹಾಸುಗಲ್ಲು ಜಾರಿದೆ, ಪಕ್ಕದ ಚಪ್ಪಡಿ ವಾಲಿದೆ, ಕಂಡಿ ಅರ್ಧಕ್ಕೆ ಒಡೆದಿದೆ. ಒಳಗೆ ಎಲುಬೂ ಇಲ್ಲ, ಮಡಕೆಯೂ ಇಲ್ಲ, ಇನ್ನೇನು ಉಳಿದಿದೆ ಎನ್ನುವವರಿಗೆ ಉತ್ತರ ಇಷ್ಟೇ: ಇಲ್ಲಿ ಉಳಿದಿರುವ ಸಾಕ್ಷಿಯೆಂದರೆ ಯಾವ ಕಲ್ಲು ಯಾವುದಕ್ಕೆ ಆತು ನಿಂತಿದೆ ಎಂಬುದೇ. ಅದಕ್ಕೇ ಬಿದ್ದ ಚಪ್ಪಡಿಯನ್ನು ಎತ್ತಿ ಸಿಮೆಂಟ್ ಮೆತ್ತುವ ಅವಸರ ಬೇಡ. ಅಳತೆ, ನಕ್ಷೆ, ಪ್ರತಿ ಗೋರಿಗೊಂದು ನಂಬರು ಮೊದಲು ಆಗಲಿ. ಇಂಥವೇ ಗೋರಿಗಳಿರುವ ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್ 2021ರಲ್ಲಿ ಯುನೆಸ್ಕೋದ ತಾತ್ಕಾಲಿಕ ಪಟ್ಟಿ ಸೇರಿತು. ಮೇಗುತಿಯ ಅಳತೆಗೆ ಅಷ್ಟು ದೂರದ ಮನ್ನಣೆಗಾಗಿ ಕಾಯಬೇಕಿಲ್ಲ, ಬಾಗಲಕೋಟೆಯ ವಿದ್ಯಾಗಿರಿಯ ಕಾಲೇಜು ಹುಡುಗರು ಬೆಳಿಗ್ಗೆ ಟೇಪು ಹಿಡಿದು ಹೊರಟರೆ ಸಂಜೆಗೆ ಮನೆ ಸೇರಬಹುದು. ಪುರಾತತ್ತ್ವ ಇಲಾಖೆ ಅನುಮತಿ ಕೊಟ್ಟು, ಬಲ್ಲವರೊಬ್ಬರನ್ನು ಜತೆಗೆ ಕಳಿಸಿದರಾಯಿತು.