ಹಿಂಡಿಯೊಳಗಿನ ಎಕ್ಸ್

ಸತ್ತ ಮರಿಗಳೆಲ್ಲ ಹೆಚ್ಚುಕಡಿಮೆ ಒಂದೇ ಭಂಗಿಯಲ್ಲಿ ಬಿದ್ದಿರುತ್ತಿದ್ದವು. ಕತ್ತು ಬೆನ್ನಿನತ್ತ ಸೆಟೆದಿರುತ್ತಿತ್ತು, ಕಾಲು ಹಿಂದಕ್ಕೆ ಚಾಚಿರುತ್ತಿತ್ತು. ಅದಕ್ಕೆ ಕೆಲವು ದಿನ ಮುಂಚೆ ಅವು ಮೇವು ಬಿಟ್ಟು, ರೆಕ್ಕೆ ಜೋತುಬಿಟ್ಟು ಮಂಕಾಗಿರುತ್ತಿದ್ದವು. 1960ರಲ್ಲಿ ಇಂಗ್ಲೆಂಡಿನ ದಕ್ಷಿಣ ಮತ್ತು ಪೂರ್ವ ಭಾಗದ ಫಾರಂಗಳಲ್ಲಿ ಕೆಲವೇ ತಿಂಗಳೊಳಗೆ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಮರಿಗಳು ಹೀಗೆ ಹೋದವು. ಕೊಯ್ದು ನೋಡಿದರೆ ಪಿತ್ತಜನಕಾಂಗದಲ್ಲಿ ರಕ್ತಸ್ರಾವ, ಮೂತ್ರಪಿಂಡ ಊದಿಕೊಂಡಿತ್ತು. ಕಾರಣ ತಿಳಿಯದ ಪಶುವೈದ್ಯರು ಇದನ್ನು 'ಟರ್ಕಿ ಎಕ್ಸ್ ರೋಗ' ಎಂದು ಕರೆದರು. ಬೀಜಗಣಿತದಲ್ಲಿ ಗೊತ್ತಿಲ್ಲದ ಸಂಖ್ಯೆಗೆ ಎಕ್ಸ್ ಅನ್ನುತ್ತೇವಲ್ಲ, ಹಾಗೆ. ಗೊತ್ತಿಲ್ಲದ್ದಕ್ಕೆ ಲ್ಯಾಟಿನ್ ಹೆಸರಿಟ್ಟು ಗೊತ್ತಿದ್ದಂತೆ ನಟಿಸುವುದಕ್ಕಿಂತ ಇದು ಎಷ್ಟೋ ಮೇಲು.

ಮೊದಲ ಅನುಮಾನ ಸಹಜವಾಗಿಯೇ ವೈರಸ್ಸಿನ ಮೇಲೆ. ಆದರೆ ರೋಗ ಹಕ್ಕಿಯಿಂದ ಹಕ್ಕಿಗೆ ಹರಡುತ್ತಿರಲಿಲ್ಲ, ಯಾವ ರೋಗಾಣುವೂ ಕೈಗೆ ಸಿಗಲಿಲ್ಲ. ಕಳ್ಳನ ಜಾಡು ಕೊನೆಗೆ ಸಿಕ್ಕಿದ್ದು ಮೇವಿನ ಮೂಟೆಗಳ ಲೆಕ್ಕದಲ್ಲಿ. ಯಾವ ಫಾರಂನಲ್ಲಿ ಸಾವು, ಅಲ್ಲಿಗೆ ಯಾವ ಗಿರಣಿಯ ಮೇವು, ಆ ಮೇವಿಗೆ ಏನೇನು ಬೆರೆಸಿದ್ದರು ಎಂದು ಡಬ್ಲ್ಯು. ಪಿ. ಬ್ಲೌಂಟ್ ಮುಂತಾದ ಪಶುವೈದ್ಯರು ಹುಡುಕುತ್ತ ಹೋದರು. ಎಲ್ಲ ಕಡೆಗೂ ಸಮಾನವಾಗಿದ್ದ ವಸ್ತು ಒಂದೇ: ಬ್ರೆಜಿಲ್‌ನಿಂದ ಬಂದ ಕಡಲೆಕಾಯಿ ಹಿಂಡಿ. ಅದನ್ನು ಹೊತ್ತು ತಂದ ಹಡಗಿನ ಹೆಸರು ರೊಸೆಟ್ಟಿ. ಪ್ರಯೋಗಾಲಯಗಳಲ್ಲಿ ಆ ಹಿಂಡಿಗೆ 'ರೊಸೆಟ್ಟಿ ಮೀಲ್' ಎಂಬ ಹೆಸರೇ ನಿಂತುಹೋಯಿತು.

ಹಿಂಡಿಯಲ್ಲಿ ವಿಷವಿದೆ, ಸರಿ, ಯಾವ ವಿಷ? ಪಿತ್ತಜನಕಾಂಗದ ಗಾಯ ಕೆಲವು ಕಳೆಗಿಡಗಳ ವಿಷದ ಗಾಯವನ್ನೇ ಹೋಲುತ್ತಿತ್ತು. ಆ ಗಿಡಗಳ ಆಲ್ಕಲಾಯ್ಡ್‌ಗಳನ್ನು ಹುಡುಕಿದರು, ಇಲ್ಲ. ಕೊನೆಗೆ ಹಿಂಡಿಯ ಪುಡಿಯನ್ನು ಸೂಕ್ಷ್ಮದರ್ಶಕದಡಿ ಇಟ್ಟಾಗ ಬೂಷ್ಟಿನ ಎಳೆಗಳ ತುಣುಕು ಕಂಡವು. ಅವು ಸತ್ತ ಎಳೆಗಳು. ಎಣ್ಣೆ ತೆಗೆಯುವಾಗಿನ ಕಾವಿಗೆ ಶಿಲೀಂಧ್ರ ಎಂದೋ ಸತ್ತಿತ್ತು. ಸತ್ತ ಬೂಷ್ಟು ಲಕ್ಷ ಹಕ್ಕಿಗಳನ್ನು ಕೊಂದೀತೆ?

ಈ ಪ್ರಶ್ನೆ ಆಗ ಏಕೆ ತೊಡಕಾಗಿತ್ತು ಎಂಬುದಕ್ಕೆ ಶಿಲೀಂಧ್ರಗಳ ಬದುಕನ್ನು ಸ್ವಲ್ಪ ನೋಡಬೇಕು. ಗಿಡದ ಹಾಗೆ ಬಿಸಿಲಿನಿಂದ ಅನ್ನ ಮಾಡಿಕೊಳ್ಳಲು ಅವಕ್ಕೆ ಬಾರದು, ನಮ್ಮ ಹಾಗೆ ನುಂಗಲೂ ಬಾರದು. ಸಣ್ಣ ಎಳೆಗಳನ್ನು ಆಹಾರದೊಳಕ್ಕೆ ಚಾಚಿ, ಜೀರ್ಣರಸವನ್ನು ಹೊರಗೇ ಸುರಿದು, ಕರಗಿದ್ದನ್ನು ಹೀರುತ್ತವೆ. ಆ ಆಹಾರ ಸತ್ತ ಸೌದೆಯಾಗಬಹುದು, ಬದುಕಿರುವ ಕರುವಿನ ಚರ್ಮವೂ ಆಗಬಹುದು. ಕರುಗಳ ಮುಖದ ಮೇಲೆ ಬಿಳಿಯ ದುಂಡು ಹುರುಪೆ ಕಟ್ಟುವ ಗಜಕರ್ಣ ಪಶುವೈದ್ಯರಿಗೆ ಹಳೆಯ ಪರಿಚಯ. ಬೂಷ್ಟು ಹಿಡಿದ ಹಾಸಿನಿಂದ ಆಸ್ಪರ್ಜಿಲಸ್ ಫ್ಯೂಮಿಗೇಟಸ್‌ನ ಬೀಜಕಣ ಉಸಿರಿಗೆ ಸೇರಿ ಕೋಳಿಮರಿಗಳ ಶ್ವಾಸಕೋಶದಲ್ಲಿ ಗಂಟು ಕಟ್ಟುವುದೂ ಗೊತ್ತಿತ್ತು. ಎರಡರಲ್ಲೂ ಶಿಲೀಂಧ್ರ ಪ್ರಾಣಿಯ ಮೈಯಲ್ಲೇ ಬೆಳೆಯುತ್ತದೆ. ಕೆರೆದು, ಬಿತ್ತಿ, ಬೆಳೆಸಿ ತೋರಿಸಬಹುದು. ಟರ್ಕಿಗಳ ಮೈಯಲ್ಲಿ ಅಂಥದ್ದೇನೂ ಬೆಳೆದಿರಲಿಲ್ಲ.

ಗಂಟು ಬಿಚ್ಚಿದ್ದು ಆಫ್ರಿಕಾದ ಕಡಲೆಕಾಯಿ. ಉಗಾಂಡಾದಿಂದ ಬಂದ ಬಲು ವಿಷದ ಮಾದರಿಯೊಂದರಲ್ಲಿ ಬೂಷ್ಟು ಇನ್ನೂ ಜೀವಂತವಾಗಿತ್ತು. ಅದನ್ನು ಬೇರ್ಪಡಿಸಿ, ಕ್ರಿಮಿಶುದ್ಧ ಮಾಡಿದ ಒಳ್ಳೆಯ ಕಡಲೆಕಾಯಿಯ ಮೇಲೆ ಬೆಳೆಸಿದರು. ಆ ಕಾಯಿ ವಿಷವಾಯಿತು. ಶಿಲೀಂಧ್ರ ಯಾವುದೆಂದರೆ ಆಸ್ಪರ್ಜಿಲಸ್ ಫ್ಲೇವಸ್, ಹಳದಿ ಹಸಿರಿನ, ಎಲ್ಲ ಕಣಜಗಳಲ್ಲೂ ಸಿಗುವ ತೀರಾ ಸಾಮಾನ್ಯ ಬೂಷ್ಟು. 1961ರಲ್ಲಿ ಸಾರ್ಜೆಂಟ್ ಮತ್ತು ಸಂಗಡಿಗರು ಇದನ್ನು 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದರು.

ವಿಷವನ್ನು ಅಳೆಯಲು ಅವರ ಬಳಿ ಇದ್ದ ತಕ್ಕಡಿ ಒಂದು ದಿನದ ಬಾತುಮರಿ. ಹಿಂಡಿಯ ಸಾರವನ್ನು ಭಾಗ ಮಾಡುತ್ತ, ಯಾವ ಭಾಗ ತಿಂದ ಮರಿ ಸಾಯುತ್ತದೆ ಎಂದು ನೋಡುವುದು. ಕ್ರೂರ ವಿಧಾನ, ಆದರೆ ಬಹಳ ಸೂಕ್ಷ್ಮ: 50 ಗ್ರಾಂ ತೂಗುವ ಮರಿಗಳಿಗೆ ತಲಾ ಸುಮಾರು 18 ಮೈಕ್ರೋಗ್ರಾಂ ಕೊಟ್ಟರೆ ಅರ್ಧಕ್ಕರ್ಧ ಸಾಯುತ್ತವೆ ಎಂದು ಮುಂದೆ ಲೆಕ್ಕ ಸಿಕ್ಕಿತು. ವಿಷದ ಸಾರವನ್ನು ಕಾಗದದ ಮೇಲೆ ಹರಿಯಬಿಟ್ಟು ನೇರಳಾತೀತ ಬೆಳಕು ಹಾಯಿಸಿದಾಗ ನೀಲಿಯಾಗಿ ಹೊಳೆಯುವ ಮಚ್ಚೆ ಕಂಡಿತು. ಇನ್ನಷ್ಟು ಬಿಡಿಸಿದಾಗ ಅದು ಒಂದೇ ವಸ್ತುವಲ್ಲ ಎಂದು ತಿಳಿಯಿತು. ಕೆಲವು ನೀಲಿ, ಕೆಲವು ಹಸಿರು. ಇಂಗ್ಲಿಷಿನ ಬಣ್ಣಗಳ ಮೊದಲಕ್ಷರ ಹಿಡಿದು ಬಿ ಮತ್ತು ಜಿ ಎಂದರು. ಆಸ್ಪರ್ಜಿಲಸ್‌ನ 'ಅ', ಫ್ಲೇವಸ್‌ನ 'ಫ್ಲಾ', ಜೊತೆಗೆ ಟಾಕ್ಸಿನ್: ಅಫ್ಲಾಟಾಕ್ಸಿನ್. 1963ರಲ್ಲಿ ಅಮೆರಿಕದ ಎಂಐಟಿಯಲ್ಲಿ ಅದರ ಅಣುರಚನೆಯೂ ಬಿಡಿಸಿಕೊಂಡಿತು. ಈ ಅಣು ಬಲು ಗಟ್ಟಿ. ಬೂಷ್ಟು ಸಾಯುವ ಕಾವಿಗೆ ಅದರ ವಿಷ ಅಲುಗುವುದಿಲ್ಲ, ನಮ್ಮ ಒಲೆಯ ಕಾವಿಗೂ ಅಷ್ಟೆ.

ಹೆಸರು ಸಿಕ್ಕಮೇಲೆ ಹಳೆಯ ಕಡತಗಳೂ ಮಾತಾಡತೊಡಗಿದವು. 1952ರಲ್ಲಿ ಅಮೆರಿಕದ ನಾಯಿಗಳಲ್ಲಿ ಪಿತ್ತಜನಕಾಂಗದ ರೋಗವೊಂದು ವರದಿಯಾಗಿತ್ತು. ಅದಕ್ಕಿಟ್ಟ ಹೆಸರು ಏನು ಗೊತ್ತೆ? 'ಹೆಪಟೈಟಿಸ್ ಎಕ್ಸ್'. ಎರಡು ಎಕ್ಸ್‌ಗಳ ಹಿಂದೆಯೂ ಇದೇ ಬೂಷ್ಟಿತ್ತು. ನಾಯಿಯ ಎಕ್ಸ್ ಬಿಡಿಸಲು ಟರ್ಕಿಯ ಎಕ್ಸ್ ಬೇಕಾಯಿತು. ಬಹುಶಃ ಸತ್ತ ಹಕ್ಕಿಗಳಿಗೆ ಮಾರುಕಟ್ಟೆಯಲ್ಲಿ ಬೆಲೆಯಿದ್ದುದೂ ಒಂದು ಕಾರಣ.

ಅಷ್ಟರಲ್ಲಿ ಬೇರೊಂದು ಸುದ್ದಿ ಬಂತು. 1961ರಲ್ಲಿ ರೊಸೆಟ್ಟಿ ಹಿಂಡಿಯನ್ನು ಆಹಾರದಲ್ಲಿ ಶೇ 20ರಷ್ಟು ಬೆರೆಸಿ ಇಲಿಗಳಿಗೆ ಆರು ತಿಂಗಳು ತಿನ್ನಿಸಿದ್ದರು. 11ರಲ್ಲಿ 9 ಇಲಿಗಳ ಪಿತ್ತಜನಕಾಂಗದಲ್ಲಿ ಗೆಡ್ಡೆ ಬೆಳೆದಿತ್ತು. ಇನ್ನು ಇದು ಕೋಳಿ ವೈದ್ಯರ ತಲೆನೋವು ಮಾತ್ರವಾಗಿ ಉಳಿಯಲಿಲ್ಲ.

ನಮ್ಮ ಮನೆಗಳಲ್ಲಿ ಬೂಷ್ಟು ಹಿಡಿದ ರೊಟ್ಟಿ, ಮುಗ್ಗಿದ ಹಿಟ್ಟು, ಕೆಟ್ಟ ಕಾಳು ಎಲ್ಲವೂ ಕಲಗಚ್ಚಿನ ಬಾನಿಗೆ. ಅನ್ನ ಬಿಸಾಡಬಾರದು, ಹಸು ತಿನ್ನಲಿ. ಇಂಗ್ಲೆಂಡಿನ ವೇಬ್ರಿಜ್ ಪಶುವೈದ್ಯ ಪ್ರಯೋಗಾಲಯದಲ್ಲಿ ರೂತ್ ಆಲ್‌ಕ್ರಾಫ್ಟ್ ಮತ್ತು ಕಾರ್ನಗನ್ ಮಾಡಿದ್ದೂ ಒಂದರ್ಥದಲ್ಲಿ ಅದನ್ನೇ. ಹಸುಗಳಿಗೆ ವಿಷದ ಹಿಂಡಿ ಕೊಟ್ಟು, ಅವುಗಳ ಹಾಲಿನ ಸಾರವನ್ನು ಬಾತುಮರಿಗಳಿಗೆ ಕೊಟ್ಟರು. ಹಸುಗಳು ನಿಂತೇ ಇದ್ದವು, ಮರಿಗಳ ಪಿತ್ತಜನಕಾಂಗ ಕೆಟ್ಟಿತು. ಹಾಲಿಗೆ ಇಳಿದ ಆ ರೂಪಕ್ಕೆ ಎಂ ಎಂಬ ಅಕ್ಷರ ಸಿಕ್ಕಿತು. ಇಂದು ಭಾರತದಲ್ಲಿ ಒಂದು ಕಿಲೋ ಹಾಲಿನಲ್ಲಿ ಅದು 0.5 ಮೈಕ್ರೋಗ್ರಾಂ ಮೀರುವಂತಿಲ್ಲ.

1966ರಲ್ಲಿ ಮೈಸೂರು ರಾಜ್ಯದ ಚಿಕ್ಕಮಗಳೂರು ಸೀಮೆಯಲ್ಲೂ ಇಂಥದೇ ಹಿಂಡಿ ತಿಂದು ಕೋಳಿಮರಿಗಳು ಸತ್ತವು. ಮೈಸೂರಿನ ಸಿಎಫ್‌ಟಿಆರ್‌ಐ ವಿಜ್ಞಾನಿಗಳು ವಿಷ ತೆಗೆಯುವ ದಾರಿ ಹುಡುಕಿದರು. ಮೊದಲು ಹೈಡ್ರೋಜನ್ ಪೆರಾಕ್ಸೈಡ್, ಆಮೇಲೆ ನಮ್ಮಲ್ಲಿ ಧಾರಾಳವಾಗಿ ಸಿಗುವ ಬಿಸಿಲು. ಗಾಣದಿಂದ ಇಳಿದ ಕಡಲೆಕಾಯಿ ಎಣ್ಣೆಯನ್ನು ಬಿಸಿಲಿಗಿಟ್ಟರೆ ಅದರಲ್ಲಿದ್ದ ಅಫ್ಲಾಟಾಕ್ಸಿನ್ ನಾಶವಾಗುತ್ತಿತ್ತು. ಆದರೆ ಕಾಯಿ ಅರೆದಾಗ ವಿಷದ ಹೆಚ್ಚಿನ ಪಾಲು ಎಣ್ಣೆಗೆ ಬಾರದೆ ಹಿಂಡಿಯಲ್ಲೇ ಉಳಿಯುತ್ತದೆ, ಮತ್ತು ಹಿಂಡಿಯ ಪುಡಿಯನ್ನು ಬಿಸಿಲಿಗೆ ಹರವಿದರೆ ಒಂದಷ್ಟು ಮಾತ್ರ ಹೋಗುತ್ತಿತ್ತು.